ಹೊಲಿಗೆ ದಾರದಲ್ಲಿ ಅಳೆದ ಹದಿನಾಲ್ಕು ಸಾವಿರ ಕಿಲೋಮೀಟರ್

ಹೋದ ಆಗಸ್ಟ್‌ನಲ್ಲಿ ಮಗಳು ಓದಲಿಕ್ಕೆಂದು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಳು. ಟಿಕೆಟ್ ಓದಿ ಹೇಳಿದೆ: ಮಧ್ಯಾಹ್ನ 2 ಗಂಟೆಗೆ ಹೊರಟರೆ ಇಳಿಯುವುದು ಅದೇ ದಿನ ಸಂಜೆ 5.30ಕ್ಕೆ. ಅವ್ವನಿಗೆ ಭಾಳ ಸಮಾಧಾನವಾಯಿತು. "ಮೂರೂವರೆ ತಾಸಂದ್ರ, ಗಂಗಾವತಿಯಿಂದ ಬೆಂಗಳೂರಿಗೆ ಹೋಗೋದಕ್ಕಿಂತ ಕಡಿಮಿ ಆತಲ್ಲೋ ಯಪ್ಪಾ!"

ಆ ಸಮಾಧಾನ ಕೆಡಿಸಲು ಮನಸ್ಸಿರಲಿಲ್ಲ. ಆದರೆ ಅವತ್ತು ರಾತ್ರಿ ಫೋನ್ ಬರದಿದ್ದರೆ ಆಕೆ ಊಟ ಬಿಟ್ಟು ಕೂರುತ್ತಾಳೆ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವನು. ಶಾಲೆಯ ಗ್ಲೋಬನ್ನೇ ಮನೆಗೆ ತಂದೆ.

ಎಳೆದರೆ ಹಿಗ್ಗದ ಹೊಲಿಗೆ ದಾರ ತಗೊಂಡೆ. ಮೊದಲು ಸಮಭಾಜಕ ವೃತ್ತದ ಸುತ್ತ ಹಿಡಿದು ಸ್ಕೇಲಿಗೆ ಇಟ್ಟರೆ 94 ಸೆಂ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ ನಮ್ಮ ಗ್ಲೋಬಿನಲ್ಲಿ ಒಂದು ಸೆಂಟಿಮೀಟರ್ ಎಂದರೆ 425 ಕಿ.ಮೀ.

ಆಮೇಲೆ ಗೋಡೆ ನಕ್ಷೆ ನೋಡಿ ರೂಢಿಯಾದ ಕಣ್ಣಿಗೆ ನೇರ ಕಂಡ ದಾರಿಯಲ್ಲೇ, ಪೆಸಿಫಿಕ್ ಸಾಗರದ ಮೇಲೆ ದಾರ ಹಾಸಿದೆ. 38 ಸೆಂ.ಮೀ., ಹದಿನಾರು ಸಾವಿರ ಕಿ.ಮೀ. ದಾಟಿತು. ಎರಡೂ ಊರಿನ ಮೇಲೆ ಬೆರಳೊತ್ತಿ, ಸಡಿಲವಿದ್ದಷ್ಟನ್ನೂ ಎಳೆದೆ. ದಾರ ತಾನಾಗಿ ಉತ್ತರಕ್ಕೆ ಜಾರಿತು! ಟಿಬೆಟ್ ಮೇಲೆ ಹಾದು, ಸೈಬೀರಿಯಾ ದಾಟಿ, ಆರ್ಕ್ಟಿಕ್ ವೃತ್ತದೊಳಗೆ ಹೊಕ್ಕು, ಅಲಾಸ್ಕದ ಕಡೆಯಿಂದ ಕೆಳಗಿಳಿದು ಬಿಗಿಯಾಗಿ ನಿಂತಿತು. ಈಗ 33 ಸೆಂ.ಮೀ. ಮಾತ್ರ. ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ಬೆರಳಿನಡಿ ದಾರ ಜಾರಿದಾಗ ಆದ ಖುಷಿಯೇ ಬೇರೆ.

33ನ್ನು 425ರಿಂದ ಗುಣಿಸಿದರೆ 14,025 ಕಿ.ಮೀ. ಒಂದು ಮಿಲಿಮೀಟರ್ ತಪ್ಪಿದರೂ 42 ಕಿ.ಮೀ. ಹೆಚ್ಚುಕಡಿಮೆ ಆಗುತ್ತದೆ, ಹಾಗಾಗಿ ಅಕ್ಷಾಂಶ ರೇಖಾಂಶ ಹಿಡಿದು ಕ್ಯಾಲ್ಕುಲೇಟರಿನಲ್ಲೂ ನೋಡಿದೆ. ಭೂಮಿಯ ಕೇಂದ್ರದಿಂದ ಅಳೆದರೆ ಎರಡು ಊರಿನ ನಡುವಿನ ಕೋನ 125.8 ಡಿಗ್ರಿ, ಡಿಗ್ರಿಗೆ 111.2 ಕಿ.ಮೀ.ಯಂತೆ ಸುಮಾರು 13,990. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಮಾರ್ಗ ಶುರುಮಾಡಿದಾಗ ಹೇಳಿದ ಅಂತರ 13,993. ಅವತ್ತು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ವಿಮಾನ ತಂದವರು ಜೋಯಾ ಅಗರ್ವಾಲ್ ಮತ್ತವರ ಜೊತೆಗಾರ್ತಿಯರು, ಎಲ್ಲರೂ ಹೆಣ್ಣುಮಕ್ಕಳೇ. ಇದನ್ನು ಅವ್ವನಿಗೆ ಎರಡು ಸಲ ಹೇಳಿದೆ.

ದೊಡ್ಡ ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ. ಹದಿನೈದೂವರೆ ತಾಸು, ಏರಲು ಇಳಿಯಲು ಅರ್ಧ ತಾಸು ಕೂಡಿಸಿದರೆ ಹದಿನಾರು. ವಿಮಾನ ದಾರದ ಗೆರೆಯ ಮೇಲೆಯೇ ಹೋಗುವುದಿಲ್ಲ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲ್ಗಾಳಿ ಬೆನ್ನಿಗಿದ್ದರೆ ಸುತ್ತುದಾರಿಯೂ ಬೇಗ ಮುಗಿಯುತ್ತದೆ.

ಆಗಸ್ಟ್ ಎಂದರೆ ಅಲ್ಲಿ ಬೇಸಿಗೆ, ಆಗ ಅಲ್ಲಿನ ಗಡಿಯಾರ ನಮಗಿಂತ ಹನ್ನೆರಡೂವರೆ ತಾಸು ಹಿಂದೆ. ಅಲ್ಲಿ ಸಂಜೆ 5.30 ಎಂದರೆ ನಮ್ಮಲ್ಲಿ ಮರುದಿನ ಬೆಳಿಗ್ಗೆ 6. ಚೀಟಿಯಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದೆ. ಅವ್ವ ಅವತ್ತು ರಾತ್ರಿ ಉಂಡು ಮಲಗಿದಳು. ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಾಗ ಫೋನ್ ಬಂತು.

ಡಿಸೆಂಬರಿನಲ್ಲಿ ಮಗಳು ಬರುತ್ತಾಳೆ. ಚಳಿಗಾಲದಲ್ಲಿ ಅಲ್ಲಿ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ಇಡುವುದರಿಂದ ಆ ವ್ಯತ್ಯಾಸ ಹದಿಮೂರೂವರೆ ತಾಸು. ವಾಪಸ್ ಪಯಣಕ್ಕೆ ಹದಿನೇಳು ತಾಸು ಹಿಡಿದು ಹೊಸ ಚೀಟಿ ಬರೆದಿಟ್ಟಿದ್ದೇನೆ.