ಒಳ್ಳೆ ಬೀಜ ಮನೆಗೂ ಇರಲಿ

ನಮ್ಮ ಕೊಡಗಿನ ತೋಟದ ಮನೆಗಳಲ್ಲಿ ಒಂದು ಹಳೇ ರೂಢಿ ಇದೆ. ಒಳ್ಳೆ ಕಾಫಿ ಮಾರಾಟಕ್ಕೆ, ಒಡೆದದ್ದು, ಕರಿಬೀಜ, ಕಣದಲ್ಲಿ ಗುಡಿಸಿದ್ದೆಲ್ಲ ಮನೆ ಖರ್ಚಿಗೆ. ಅದನ್ನು ಕಪ್ಪಗೆ ಹುರಿದು, ಚಿಕೋರಿ ಬೆರೆಸಿ, ಹಾಲು ಸಕ್ಕರೆಯಲ್ಲಿ ಮುಚ್ಚಿಬಿಡುತ್ತೇವೆ. ಮಕ್ಕಳು ಬೆಂಗಳೂರಿನಿಂದ ಬಂದು ಸ್ಪೆಷಾಲಿಟಿ ಕಾಫಿ ಅನ್ನುತ್ತಾರಲ್ಲ, ಅದೇನು ಬೇರೆ ಲೋಕದ್ದಲ್ಲ. ಹಣ್ಣಾದದ್ದನ್ನೇ ಕೊಯ್ದು, ಜೋಪಾನವಾಗಿ ಒಣಗಿಸಿ, ರುಚಿ ನೋಡುವವರು ನೂರಕ್ಕೆ 80 ಅಥವಾ ಅದಕ್ಕಿಂತ ಜಾಸ್ತಿ ಅಂಕ ಕೊಟ್ಟ ಬೀಜ, ಅಷ್ಟೇ. ಮಾರುವ ಮೊದಲು ಒಂದೆರಡು ಕಿಲೋ ಒಳ್ಳೆ ಪಾರ್ಚ್‌ಮೆಂಟ್ (ಒಳಸಿಪ್ಪೆ ಸಮೇತ ಒಣಗಿಸಿದ ಬೀಜ) ಮನೆಗೂ ಎತ್ತಿಡಿ.

ಸಿಪ್ಪೆ ತೆಗೆದ ಬೀಜವನ್ನು ಮನೆಯಲ್ಲೇ ಹುರಿಯಬಹುದು. ದಪ್ಪ ತಳದ ಬಾಣಲೆ, ಹದವಾದ ಉರಿ, ಕೈ ಬಿಡದೆ ತಿರುವುತ್ತಿರಬೇಕು. ಹಸಿರು ಹೋಗಿ ಹಳದಿಯಾಗುತ್ತದೆ, ಹುಲ್ಲಿನ ವಾಸನೆ ಹೋಗಿ ರೊಟ್ಟಿ ಬೇಯುವ ಘಮ ಬರುತ್ತದೆ. ಆಮೇಲೆ ಚಟ್ ಚಟ್ ಎಂದು ಸಿಡಿಯುತ್ತದೆ. ಆ ಸದ್ದು ನಿಂತ ಸ್ವಲ್ಪ ಹೊತ್ತಿಗೆ ಇಳಿಸಿ. ಬಿಟ್ಟರೆ ಮತ್ತೆ ಸಣ್ಣಗೆ ಸಿಡಿದು ಬೀಜದ ಮೇಲೆ ಎಣ್ಣೆ ಜಿನುಗುತ್ತದೆ, ಆಗ ತೋಟದ ರುಚಿ ಹೋಗಿ ಸುಟ್ಟ ರುಚಿ ಮಾತ್ರ ಉಳಿಯುತ್ತದೆ. ಮೊರಕ್ಕೆ ಸುರಿದು ಕೇರಿದರೆ ಬೇಗ ಆರುತ್ತದೆ, ಹೊಟ್ಟೂ ಹಾರಿಹೋಗುತ್ತದೆ. ಹುರಿದ ದಿನವೇ ಕುಡಿಯಬೇಡಿ, ಮೂರ್ನಾಲ್ಕು ದಿನ ಡಬ್ಬಿಯಲ್ಲಿರಲಿ.

ಅಂಗಡಿಯಲ್ಲಿ ಕೊಳ್ಳುವವರು ಪೊಟ್ಟಣದ ಮೇಲೆ ಹುರಿದ ತಾರೀಖು ನೋಡಿ. ಚಿಕೋರಿ ಎಷ್ಟು ಎಂದೂ ಓದಿ, 49 ಪರ್ಸೆಂಟ್ ತನಕ ಬೆರೆಸಲು ಕಾನೂನೇ ಬಿಟ್ಟಿದೆ! ಪುಡಿಗಿಂತ ಬೀಜ ತಂದು ಬೇಕಾದಾಗ ಪುಡಿ ಮಾಡುವುದು ಮೇಲು. ನಮ್ಮ ಮಳೆಗಾಲದ ಥಂಡಿಗೆ ಪುಡಿ ಗಂಟು ಕಟ್ಟುತ್ತದೆ, ಹಾಗಾಗಿ ಸಣ್ಣ ಸಣ್ಣ ಡಬ್ಬಿಗಳಲ್ಲಿ ಬಿಗಿಯಾಗಿ ಮುಚ್ಚಿಡಿ. ಫ್ರಿಜ್ ಬೇಡ, ಮೀನಿನ ವಾಸನೆಯೂ ಸೇರಿಕೊಳ್ಳುತ್ತದೆ.

ಹಾಲಿಲ್ಲದೆ ಬರೀ ಕಾಫಿ ಸೋಸುವುದಾದರೆ 15 ಗ್ರಾಂ ಪುಡಿಗೆ ಸುಮಾರು 240 ಎಂಎಲ್ ನೀರು. ಮಡಿಕೇರಿಯ ಎತ್ತರದಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಆರಿಸುತ್ತಾ ಕಾಯಬೇಕಿಲ್ಲ. ಮೊದಲು ಪುಡಿ ನೆನೆಯುವಷ್ಟೇ ನೀರು ಹಾಕಿ. ತಾಜಾ ಪುಡಿಯಾದರೆ ಉಬ್ಬಿ, ಗುಳ್ಳೆ ಎದ್ದು, ನಡುವೆ ಬಿರುಕು ಬಿಡುತ್ತದೆ. ಸುಮ್ನೆ ಒದ್ದೆಯಾಗಿ ಕೂತರೆ ಹಳೇ ಮಾಲು. ಅರ್ಧ ನಿಮಿಷ ಬಿಟ್ಟು ಉಳಿದ ನೀರನ್ನು ನಿಧಾನವಾಗಿ ಹಾಕಿ. ಹುಳಿ ಜಾಸ್ತಿಯಾದರೆ ಮುಂದಿನ ಸಲ ಇನ್ನೂ ನುಣ್ಣಗೆ, ಕಹಿಯಾದರೆ ತರಿತರಿಯಾಗಿ ಪುಡಿ ಮಾಡಿ.

ರೊಬಸ್ಟಾ ಜಾತಿಯ ಕಾಫಿ ಎಂದರೆ ಮೂಗು ಮುರಿಯುವವರಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಅದೇ ಜಾಸ್ತಿ ಬೆಳೆಯುವುದು, ಚೆನ್ನಾಗಿ ತೊಳೆದು ಒಣಗಿಸಿದ ರೊಬಸ್ಟಾದ ಡಿಕಾಕ್ಷನ್‌ಗೆ ಹಾಲು ಬೆರೆತಾಗ ಬರುವ ಗಟ್ಟಿತನ ಬೇರೆ ಯಾವುದಕ್ಕೂ ಇಲ್ಲ. ಆದರೆ ಕೆಫೀನ್ ಇನ್ನೊಂದು ಜಾತಿ ಅರೇಬಿಕಾದ ಹೆಚ್ಚು ಕಡಿಮೆ ಎರಡರಷ್ಟು, ರಾತ್ರಿ ಹೊತ್ತು ಬೇಡ. ಬೆಲ್ಲದ ಕಾಫಿಗೂ ರೊಬಸ್ಟಾನೇ ಸರಿ. 2019ರಲ್ಲಿ ಜಿಐ (ಇಂಥ ಊರಿನ ಬೆಳೆಯೇ ಎಂಬ ಸರಕಾರಿ) ಗುರುತು ಸಿಕ್ಕಿದ ಕೂರ್ಗ್ ಅರೇಬಿಕಾ ಕೈಗೆ ಬಂದರೆ ಬೆಲ್ಲ, ಹಾಲು ಯಾವುದೂ ಬೇಡ, ಹಾಗೇ ಕುಡಿಯಿರಿ.

ಮಡಿಕೇರಿ, ಕುಶಾಲನಗರದ ಕೆಫೆಗಳಿಗೆ ಶನಿವಾರ ಭಾನುವಾರ ಹೋಗಬೇಡಿ, ಪ್ರವಾಸಿಗಳ ಗಲಾಟೆಯಲ್ಲಿ ಯಾರೂ ನಿಂತು ಮಾತಾಡುವುದಿಲ್ಲ. ವಾರದ ನಡುವೆ ಹೋಗಿ ಯಾವ ತೋಟದ್ದು, ಯಾವಾಗ ಹುರಿದದ್ದು ಎಂದು ಕೇಳಿ. ಉತ್ತರ ಬರದಿದ್ದರೆ ಒಂದು ಚಾ ಕುಡಿದು ಎದ್ದು ಬನ್ನಿ. ಬಂದರೆ ಸಕ್ಕರೆ ಹಾಕುವ ಮೊದಲು ಎರಡು ಗುಟುಕು ಬರಿದೇ ಕುಡಿಯಿರಿ, ಸ್ವಲ್ಪ ಆರಿದ ಮೇಲೆ ಇನ್ನೊಂದು. ಆರಿದಾಗಲೇ ಕಾಫಿಯ ಗುಣ ಗೊತ್ತಾಗುವುದು. ಪುನುಗು ಬೆಕ್ಕು ತಿಂದು ಹೊರಹಾಕಿದ ಬೀಜದ ಕಾಫಿ ಎಂದು ದುಬಾರಿ ಬೆಲೆ ಹೇಳುತ್ತಾರಲ್ಲ, ನನ್ನ ಕೇಳಿದರೆ ಅದೇ ದುಡ್ಡಿಗೆ ಕೈಯಲ್ಲಿ ತಿರುಗಿಸುವ ಒಂದು ಗ್ರೈಂಡರ್ ಬರುತ್ತದೆ.

ಇನ್ನು ಫಿಲ್ಟರ್ ಇಳಿಯುವುದು ತಡವಾದರೆ ಪುಡಿಯನ್ನು ದೂರಬೇಡಿ. ಸ್ಟೀಲಿನದ್ದಾದರೆ ತೂತಿರುವ ತಳವನ್ನು ಇಕ್ಕಳದಲ್ಲಿ ಹಿಡಿದು ಒಲೆಯ ಉರಿಗೆ ಸ್ವಲ್ಪ ಹೊತ್ತು ತೋರಿಸಿ, ಆರಿದ ಮೇಲೆ ಬ್ರಷ್ ಹಾಕಿ ತಿಕ್ಕಿ. ಕಟ್ಟಿಕೊಂಡ ಪುಡಿ ಉದುರುತ್ತದೆ.