ನೀರಿನ ಜಾಡು, ಹಾಡಿನ ಜಾಡು: ಚಿತ್ರದುರ್ಗವನ್ನು ಅರಿಯುವ ಕ್ರಮ

ಚಿತ್ರದುರ್ಗಕ್ಕೆ ಬರುವ ಬಹುಪಾಲು ಪ್ರವಾಸಿಗರು ಬೆಳಿಗ್ಗೆ ಕೋಟೆ ಹತ್ತಿ, ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಂಡು, ಊಟದ ಹೊತ್ತಿಗೆ ಮತ್ತೆ ಹೆದ್ದಾರಿ ಹಿಡಿದುಬಿಡುತ್ತಾರೆ. ಅವರು ಕೋಟೆಯನ್ನು ನೋಡಿರುತ್ತಾರೆ, ದುರ್ಗವನ್ನು ನೋಡಿರುವುದಿಲ್ಲ. ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಬದಿಗಿಟ್ಟು ಯಾವುದಾದರೂ ಒಂದೇ ಎಳೆಯನ್ನು ಹಿಡಿದು, ಅದು ಕರೆದುಕೊಂಡು ಹೋದಲ್ಲಿಗೆ ಹೋದರೆ ಒಂದು ಸೀಮೆ ತಾನಾಗಿಯೇ ತೆರೆದುಕೊಳ್ಳುತ್ತದೆ ಎಂಬುದು ನನ್ನ ಅನುಭವ. ಮಳೆ ಕಡಿಮೆಯಿರುವ ಈ ಬಯಲುಸೀಮೆಯಲ್ಲಿ ಹಿಡಿಯಲು ಯೋಗ್ಯವಾದ ಮೊದಲ ಎಳೆ ನೀರು, ಎರಡನೆಯದು ಹಾಡು. ಇವೆರಡಕ್ಕೂ ಸೇರಿ ಕನಿಷ್ಠ ಮೂರು ದಿನ ಇಟ್ಟುಕೊಳ್ಳಿ. ಮಳೆಗಾಲ ಮುಗಿದು ಹೊಂಡಗಳಲ್ಲಿ ನೀರು ನಿಂತಿರುವ ಅಕ್ಟೋಬರ್, ನವೆಂಬರ್ ತಿಂಗಳುಗಳು ಇದಕ್ಕೆ ಒಳ್ಳೆಯ ಕಾಲ.

ಹೊರಡುವ ಮುನ್ನ ಜಿಲ್ಲೆಯ ನಕ್ಷೆಯನ್ನು ಹರಡಿಕೊಂಡು ಊರಿನ ಹೆಸರುಗಳನ್ನು ನಿಧಾನವಾಗಿ ಓದಿ. ಚಳ್ಳಕೆರೆ, ಹೊಳಲ್ಕೆರೆ, ಭರಮಸಾಗರ, ನಾಯಕನಹಟ್ಟಿ, ಹತ್ತಾರು ಗೊಲ್ಲರಹಟ್ಟಿಗಳು, ಅಲ್ಲಲ್ಲಿ ಕಾವಲುಗಳು. ಕೆರೆ, ಕಟ್ಟೆ, ಕುಂಟೆ ಎಂದು ಮುಗಿಯುವ ಹೆಸರುಗಳು ನೀರು ನಿಲ್ಲಿಸಿ ಬೇಸಾಯ ಮಾಡಿದವರನ್ನು ನೆನಪಿಸುತ್ತವೆ. ಹಟ್ಟಿ ಎಂಬ ಹೆಸರು ದನಕುರಿ ಸಾಕಿದವರ ನೆಲೆಯನ್ನು ಸೂಚಿಸುತ್ತದೆ. ಅಮೃತಮಹಲ್ ಕಾವಲುಗಳು ಮೈಸೂರಿನ ಅರಸರು ತಮ್ಮ ಸೈನ್ಯದ ಎತ್ತುಗಳ ಮೇವಿಗೆಂದು ಕಾದಿರಿಸಿದ ಹುಲ್ಲುಗಾವಲುಗಳು. ನಾಯಕನಹಟ್ಟಿಯಂಥ ಹೆಸರಿನಲ್ಲಿ ಪಾಳೆಯಗಾರ ನಾಯಕರ ನೆನಪಿದೆ. ಅರ್ಧ ಗಂಟೆಯ ಈ ಓದಿನಲ್ಲಿ, ಬೇಸಾಯಗಾರ, ಪಶುಪಾಲಕ ಮತ್ತು ಪಾಳೆಯಗಾರ ಎಂಬ ಮೂವರು ಸೇರಿ ಕಟ್ಟಿದ ಸೀಮೆಯಿದು ಎಂಬುದು ತಿಳಿಯುತ್ತದೆ.

ಮೊದಲ ದಿನ ಕೋಟೆಯಲ್ಲಿ ನೀರಿನ ಜಾಡನ್ನು ಹಿಡಿಯಿರಿ. ಬೆಳಿಗ್ಗೆ ಬೇಗನೆ ಒಳಗೆ ಹೋಗಿ, ಗಟ್ಟಿ ಹಿಡಿತದ ಪಾದರಕ್ಷೆ ಧರಿಸಿ. ಬಂಡೆಗಳು ನುಣುಪಾಗಿವೆ, ಬಿಸಿಲೇರಿದ ಮೇಲೆ ಕಾದುಹೋಗುತ್ತವೆ. ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ ಗುಡಿಗಳನ್ನು ನೋಡಿಕೊಂಡು ನೇರವಾಗಿ ಗೋಪಾಲಸ್ವಾಮಿ ಹೊಂಡದವರೆಗೆ ನಡೆಯಿರಿ. ಅಲ್ಲಿ ನಿಂತು ಸುತ್ತಲಿನ ಬಂಡೆಗಳ ಇಳಿಜಾರನ್ನು ಗಮನಿಸಿದರೆ, ಬಿದ್ದ ಮಳೆಯ ನೀರೆಲ್ಲ ಎಲ್ಲಿಗೆ ಸೇರುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಈ ಹೊಂಡ ತುಂಬಿದ ಮೇಲೆ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೂ, ಅಲ್ಲಿಂದ ಇಳಿದು ಸಿಹಿನೀರು ಹೊಂಡಕ್ಕೂ, ಕೊನೆಗೆ ಪೇಟೆಯಲ್ಲಿರುವ ಸಂತೆಹೊಂಡಕ್ಕೂ ಹರಿಯುವಂತೆ ಸರಣಿಯೊಂದನ್ನು ಹಿಂದಿನವರು ರೂಪಿಸಿದ್ದಾರೆ. ಬೆಟ್ಟದ ಮೇಲೆ ಬಿದ್ದ ಮಳೆ ಕಾವಲಿನವನ ಮನೆಗೂ ಸಿಗಬೇಕು, ಸಂತೆಗೆ ಬಂದ ರೈತನ ಎತ್ತಿಗೂ ಸಿಗಬೇಕು ಎಂಬ ಲೆಕ್ಕಾಚಾರವನ್ನು ನಾನು ಇದರಲ್ಲಿ ಕಾಣುತ್ತೇನೆ. ಏಳು ಸುತ್ತಿನ ಗೋಡೆಗಳಿಗಿಂತ ಈ ಹೊಂಡಗಳೇ ದುರ್ಗವನ್ನು ಹೆಚ್ಚು ಕಾಲ ಕಾದವು ಎಂದು ನಾನು ನಂಬುತ್ತೇನೆ, ಏಕೆಂದರೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ ಶತ್ರುವಿನ ಎದುರು ಗೋಡೆ ಎಷ್ಟೇ ದಪ್ಪವಿದ್ದರೂ ನೀರಿಲ್ಲದ ಕೋಟೆ ನಿಲ್ಲದು.

ಓಬವ್ವನ ಕಿಂಡಿಗೆ ಈ ಜಾಡಿನಲ್ಲೇ ಬನ್ನಿ. ಐದನೆಯ ಮದಕರಿನಾಯಕನ ಕಾಲದಲ್ಲಿ ಹೈದರಾಲಿಯ ಸೈನಿಕರು ಈ ಸಂದಿಯಿಂದ ಒಬ್ಬೊಬ್ಬರಾಗಿ ನುಸುಳಿದಾಗ, ಕಹಳೆಯ ಮುದ್ದಹನುಮನ ಹೆಂಡತಿ ಓಬವ್ವ ಒನಕೆ ಹಿಡಿದು ನಿಂತ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಆದರೆ ಆ ಕಥೆಯ ತಿರುವೇ ನೀರು ಎಂಬುದನ್ನು ನಾವು ಮರೆಯುತ್ತೇವೆ. ಗಂಡ ಊಟಕ್ಕೆ ಕೂತಿದ್ದಾನೆ, ಮನೆಯಲ್ಲಿ ನೀರಿಲ್ಲ, ಅವಳು ಕೊಡ ಹಿಡಿದು ಬಂದಿದ್ದಾಳೆ. ಆಗಲೇ ಅವಳ ಕಿವಿಗೆ ಪಿಸುಮಾತು ಬಿದ್ದದ್ದು. ಕಿಂಡಿಯ ಪಕ್ಕದಲ್ಲೇ ವರ್ಷವಿಡೀ ತಣ್ಣಗಿನ ನೀರಿರುವ ತಣ್ಣೀರು ದೋಣಿಯಿದೆ. ಎರಡರ ನಡುವಿನ ದೂರವನ್ನು ನಿಮ್ಮ ಹೆಜ್ಜೆಯಲ್ಲೇ ಅಳೆದು ನೋಡಿ. ಜನರ ಬಾಯಲ್ಲಿ ಉಳಿದು ಬಂದ ಕಥೆಯನ್ನು ನೆಲದ ಮೇಲಿಟ್ಟು ಓದುವ ರೀತಿ ಇದು. 1779ರಲ್ಲಿ ಕೋಟೆ ಹೈದರನ ವಶವಾಯಿತು. ಇಳಿಯುವಾಗ ಸಿಡಿಮದ್ದು ಬೀಸುತ್ತಿದ್ದ ದೊಡ್ಡ ಕಲ್ಲುಗಳನ್ನೂ, ರಂಗಯ್ಯನ ಬಾಗಿಲಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನೂ ನೋಡಿಕೊಂಡು, ಸಂಜೆಯ ಹೊತ್ತಿಗೆ ಸಂತೆಹೊಂಡದ ಬಳಿ ಬನ್ನಿ. ಅಲ್ಲಿ ಹಿರಿಯರು ಯಾರಾದರೂ ಕಂಡರೆ, ‘ಯಜಮಾನರೇ, ಈ ಹೊಂಡಕ್ಕೆ ನೀರು ಎಲ್ಲಿಂದ ಬರುತ್ತದೆ?’ ಎಂದು ಕೇಳಿ. ‘ಇಲ್ಲಿ ಏನೇನು ನೋಡಬಹುದು?’ ಎಂದು ಕೇಳಿದರೆ ಒಂದು ಸಾಲಿನ ಉತ್ತರ ಸಿಗುತ್ತದೆ. ನೀರಿನ ಬಗ್ಗೆ ಕೇಳಿದರೆ ಅವರು ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ.

ಎರಡನೆಯ ದಿನ ಅಕ್ಷರಗಳಿಗೆ. ಕೋಟೆ ಬೆಟ್ಟದ ಹಿಂಬದಿಯಲ್ಲಿರುವ ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ, ಮತ್ತು ಅದು ಹೇಳುವುದೂ ಕೆರೆಯ ವಿಷಯವನ್ನೇ. ಇದೇ ಕಣಿವೆಯ ಉತ್ಖನನದಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮನ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳು ದೊರೆತಿವೆ. ಅಲ್ಲಿಂದ ಮೊಳಕಾಲ್ಮೂರು ತಾಲ್ಲೂಕಿಗೆ ಹೋದರೆ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ ಈ ಮೂರೂ ಕಡೆ ಅಶೋಕನ ಕಿರು ಬಂಡೆಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಇವುಗಳನ್ನು ಬೆಳಕಿಗೆ ತಂದರು. ತಾಯಿತಂದೆಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು ಎಂದು ಬ್ರಾಹ್ಮೀ ಲಿಪಿಯಲ್ಲಿ ಕೊರೆದ ಲಿಪಿಕಾರ ಚಪಡ ಕೊನೆಯ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಅಷ್ಟು ದೂರದ ಬರವಣಿಗೆಯನ್ನು ಬಲ್ಲವನೊಬ್ಬ ಈ ಬಂಡೆಯ ಮುಂದೆ ಉಳಿ ಹಿಡಿದು ಕುಳಿತಿದ್ದನೆಂಬುದು ನನ್ನನ್ನು ಪ್ರತಿ ಸಲವೂ ಮೂಕನನ್ನಾಗಿಸುತ್ತದೆ. ಶಾಸನಗಳನ್ನು ನೋಡಲು ಹೋಗುವ ಮೊದಲು ಕರ್ನಾಟಕದ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟದಲ್ಲಿ ಅವುಗಳ ಪಾಠವನ್ನು ಓದಿಕೊಂಡು ಹೋಗಿ. ಆ ಸಂಪುಟ ಬಂದ ಕಾಲದಲ್ಲಿ ದಾವಣಗೆರೆ ಸೀಮೆಯೂ ಇದೇ ಜಿಲ್ಲೆಯಲ್ಲಿದ್ದುದರಿಂದ, ಹರಿಹರದ ಶಾಸನಗಳೂ ಆ ಒಂದೇ ಸಂಪುಟದಲ್ಲಿ ಸಿಗುತ್ತವೆ. ಅಕ್ಷರಗಳ ಮೇಲೆ ಸೀಮೆಸುಣ್ಣ ತಿಕ್ಕಬೇಡಿ, ನೀರು ಎರಚಬೇಡಿ; ಇಳಿಬಿಸಿಲು ಓರೆಯಾಗಿ ಬಿದ್ದಾಗ ಅವು ತಾವಾಗಿಯೇ ಎದ್ದು ಕಾಣುತ್ತವೆ.

ಹಾಡಿನ ಜಾಡಿಗೆ ಹೆಚ್ಚಿನ ತಾಳ್ಮೆ ಬೇಕು. ಚಳ್ಳಕೆರೆ, ಹಿರಿಯೂರು ಕಡೆಯ ಕಾಡುಗೊಲ್ಲರಲ್ಲಿ ಜುಂಜಪ್ಪ, ಎತ್ತಪ್ಪ ಮೊದಲಾದ ವೀರರ ದೀರ್ಘ ಕಾವ್ಯಗಳು ಇಂದಿಗೂ ಬಾಯಿಂದ ಬಾಯಿಗೆ ಬರುತ್ತಿವೆ. ಆಳೆತ್ತರದ ಬಿದಿರಿನ ಗಣೆಯನ್ನು ಊದುತ್ತಾ ಜುಂಜಪ್ಪನ ಕಥೆಯನ್ನು ಹೇಳುವ ಕ್ರಮವಿದೆ. ಮ್ಯಾಸಬೇಡರಲ್ಲಿ ದೇವರ ಎತ್ತುಗಳೂ, ಅವುಗಳನ್ನು ಕಾಯುವ ಕಿಲಾರಿಗಳೂ ಇದ್ದಾರೆ. ಅವರ ಹಾಡುಗಳು ಆ ಎತ್ತುಗಳ ಸುತ್ತಲೇ ಹೆಣೆದುಕೊಂಡಿವೆ. ಈ ಸೀಮೆಯ ಹಾಡಿನ ಆಳವನ್ನು ಹೊರಗಿನವರಿಗೆ ತೋರಿಸಿದವರು ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ. ಓದು ಬರಹ ಬಾರದ ಅವರು ಸಾವಿರಾರು ಪದಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು.

ಹಟ್ಟಿಗೆ ಹೋದಾಗ ‘ಒಂದು ಹಾಡು ಹೇಳಿ’ ಎಂದು ಕೇಳಿ ಮೊಬೈಲ್ ಹಿಡಿಯುವುದು ಸರಿಯಲ್ಲ. ಹಾಡುಗಳಿಗೆ ಅವುಗಳದ್ದೇ ಹೊತ್ತು ಇರುತ್ತದೆ: ಬೀಸುವಾಗಿನದು ಬೇರೆ, ಸೋಬಾನೆ ಬೇರೆ, ದೇವರ ಮುಂದೆ ಹೇಳುವುದು ಬೇರೆ. ದೇವರ ಪದವನ್ನು ಕಂಡ ಕಂಡ ಹೊತ್ತಿನಲ್ಲಿ ಹಾಡಲು ಹಿರಿಯರು ಒಪ್ಪದಿದ್ದರೆ ಒತ್ತಾಯಿಸಬೇಡಿ. ಪರಿಚಯದವರ ಮೂಲಕ ಹೋಗಿ, ಊರ ಹಿರಿಯರನ್ನು ಮೊದಲು ಕಂಡು, ಗುಡಿಯಿರುವ ಜಾಗದಲ್ಲಿ ಚಪ್ಪಲಿ ಎಲ್ಲಿ ಬಿಡಬೇಕೆಂದು ಕೇಳಿ ತಿಳಿದುಕೊಳ್ಳಿ. ಅಜ್ಜಿಯರ ಬಳಿ ಕುಳಿತಾಗ ಹಾಡನ್ನು ಕೇಳುವ ಮೊದಲು, ‘ಅಜ್ಜಿ, ಇದನ್ನು ನಿಮಗೆ ಯಾರು ಕಲಿಸಿದರು?’ ಎಂದು ಕೇಳಿ. ಅವ್ವನ ಹೆಸರೋ ಅತ್ತೆಯ ಹೆಸರೋ ಬಂದ ಬೆನ್ನಿಗೇ ಹಾಡೂ ಬರುತ್ತದೆ. ಧ್ವನಿಮುದ್ರಣಕ್ಕೆ ಒಪ್ಪಿಗೆ ಪಡೆಯಿರಿ.

ಜಾತ್ರೆಯ ದಿನ ಸಿಕ್ಕರೆ ಬಿಡಬೇಡಿ. ಫಾಲ್ಗುಣದಲ್ಲಿ ನಡೆಯುವ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿಗೆ ಸುತ್ತಲಿನ ಸೀಮೆಯೆಲ್ಲ ಸೇರುತ್ತದೆ, ಭಕ್ತರು ಕೊಬ್ಬರಿ ಸುಟ್ಟು ಹರಕೆ ತೀರಿಸುತ್ತಾರೆ. ಈ ಸ್ವಾಮಿಯನ್ನು ಜನ ನೆನೆಯುವುದು ಪವಾಡಗಳಿಗಾಗಿ ಮಾತ್ರವಲ್ಲ, ಕೆರೆ ಕಟ್ಟಿಸಿದವರೆಂದೂ ನೆನೆಯುತ್ತಾರೆ; ನೀರಿನ ಎಳೆ ಮತ್ತೆ ಇಲ್ಲಿ ಕೈಗೆ ಸಿಗುತ್ತದೆ. ಹಿರಿಯೂರಿನ ಬಳಿ ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರವನ್ನೂ ಜನ ಕಣಿವೆ ಮಾರಮ್ಮನ ಹೆಸರಿನಿಂದ ಮಾರಿಕಣಿವೆ ಎಂದೇ ಕರೆಯುತ್ತಾರೆ. 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ಕೋಡಿಯನ್ನು ಕಂಡ ಹಿರಿಯರನ್ನು ಮಾತಿಗೆಳೆಯಿರಿ.

ಸಂಸ್ಕೃತಿಯನ್ನು ಅರಿಯುವುದೆಂದರೆ ಚೆಂದದ್ದನ್ನು ಮಾತ್ರ ಆಯ್ದುಕೊಳ್ಳುವುದಲ್ಲ. ಇಷ್ಟು ಸೊಗಸಾದ ಕಾವ್ಯಗಳನ್ನು ಉಳಿಸಿಕೊಂಡ ಕೆಲವು ಹಟ್ಟಿಗಳಲ್ಲೇ ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಊರ ಹೊರಗಿನ ಗುಡಿಸಲಲ್ಲಿ ಇರಿಸುವ ಪದ್ಧತಿ ಬಹುಕಾಲ ನಡೆದುಬಂದಿದೆ. ಅದನ್ನು ಬದಲಿಸಲು ಅದೇ ಸಮುದಾಯದ ಓದಿದ ಹೆಣ್ಣುಮಕ್ಕಳು ಮಾತನಾಡುತ್ತಿದ್ದಾರೆ. ಹೊರಗಿನವರಾಗಿ ನೀವು ತೀರ್ಪು ಹೇಳಲು ಹೋಗಬೇಡಿ, ಆದರೆ ಕಂಡದ್ದನ್ನು ಬರೆಯುವಾಗ ಮುಚ್ಚಿಡಲೂ ಬೇಡಿ.

ಮೂರನೆಯ ದಿನ ದಾವಣಗೆರೆಯ ಕಡೆ ಹೊರಡಿ. ಬೆಣ್ಣೆದೋಸೆಯನ್ನು ಯಾರೂ ಹೇಳಿಕೊಡಬೇಕಿಲ್ಲ; ನಾನು ಹೇಳುವುದು ಮಂಡಕ್ಕಿ ಭಟ್ಟಿಗಳತ್ತ ಒಮ್ಮೆ ಹೋಗಿ ಬನ್ನಿ ಎಂದು, ಏಕೆಂದರೆ ಈ ಊರಿನ ದುಡಿಮೆಯ ಮುಖ ಅಲ್ಲಿದೆ. ವೃತ್ತಿರಂಗಭೂಮಿಯ ಕೆ.ಬಿ.ಆರ್. ಡ್ರಾಮಾ ಕಂಪನಿ, ಚಿಂದೋಡಿ ಲೀಲಾ ಅವರ ಹೆಸರು ಎತ್ತಿದರೆ ಹಳಬರು ರಂಗಗೀತೆಯ ಒಂದೆರಡು ಸಾಲನ್ನಾದರೂ ಗುನುಗುತ್ತಾರೆ. ಅಲ್ಲಿಂದ ತುಂಗಭದ್ರೆಯ ದಡದ ಹರಿಹರಕ್ಕೆ ಹೋಗಿ, ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ, ಮೂರ್ತಿಯ ಒಂದು ಬದಿಯಲ್ಲಿ ಶಿವನನ್ನೂ ಇನ್ನೊಂದು ಬದಿಯಲ್ಲಿ ವಿಷ್ಣುವನ್ನೂ ಕಂಡು, ಆವರಣದ ಶಾಸನಕಲ್ಲುಗಳ ನಡುವೆ ನಡೆದಾಡಿ. ಸಮಯ ಉಳಿದರೆ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿಗೆ ಹೋಗಿ. ಹನುಮಪ್ಪನಾಯಕ ಕಟ್ಟಿಸಿದ ಆ ಕೊಳದ ಮೆಟ್ಟಿಲುಗಳ ಮೇಲೆ ಕುಳಿತರೆ, ನೀರಿನ ನಡುವೆ ಮಂಟಪವೂ, ದಡದಲ್ಲಿ ಬಿಜಾಪುರದವರ ಕಾಲದ ಮುಸಾಫಿರ್‌ಖಾನೆಯೂ ಒಟ್ಟಿಗೇ ಕಾಣುತ್ತವೆ.

ಪ್ರತಿ ರಾತ್ರಿ ಮಲಗುವ ಮುನ್ನ ಅಂದು ಕೇಳಿದ್ದನ್ನು ಬರೆದಿಡಿ. ಪುಟದ ಎಡಕ್ಕೆ ಜನ ಹೇಳಿದ್ದು, ಬಲಕ್ಕೆ ಕಲ್ಲು ಮತ್ತು ಪುಸ್ತಕ ಹೇಳಿದ್ದು. ಎರಡೂ ಹೊಂದದಿದ್ದಲ್ಲಿ ಯಾವುದನ್ನೂ ಹೊಡೆದು ಹಾಕಬೇಡಿ, ಹೇಳಿದವರ ಊರು ಮತ್ತು ವಯಸ್ಸನ್ನು ಪಕ್ಕದಲ್ಲಿ ಗುರುತು ಮಾಡಿ. ಮನೆಗೆ ಮರಳಿದ ವಾರದೊಳಗೆ, ಮುದ್ರಿಸಿಕೊಂಡ ಹಾಡನ್ನು ಹಾಡಿದವರ ಮಗನಿಗೋ ಮೊಮ್ಮಗಳಿಗೋ ಕಳಿಸಿಕೊಡಿ.