ಗದಗ–ಮುಂಡರಗಿ ರಸ್ತೆಯಲ್ಲಿ ಬೇಟೆ ಹಕ್ಕಿ: ನಾನು ನೋಡೋ ರೀತಿ

ಗದಗದಿಂದ ದಂಬಳದ ಮೇಲೆ ಮುಂಡರಗಿಗೆ ಹೋಗುವಾಗ ಬಲಕ್ಕೆ ಕಪ್ಪತಗುಡ್ಡ, ಎಡಕ್ಕೆ ಕಣ್ಣು ಹಾಯುವಷ್ಟು ದೂರ ಎರೆ ಹೊಲ. ಗುಡ್ಡದ ಹಕ್ಕಿ, ಬಯಲ ಹಕ್ಕಿ ಎರಡೂ ಒಂದೇ ದಾರೀಲಿ ಸಿಗ್ತಾವೆ. ನವೆಂಬರಿನಿಂದ ಫೆಬ್ರವರಿವರೆಗೆ, ಹೊಲದಲ್ಲಿ ಕಡಲೆ, ಜೋಳ ನಿಂತಿರುವಾಗ, ಪುರುಸೊತ್ತು ಸಿಕ್ಕರೆ ನಾನು ಅಲ್ಲೇ.

ಮೊದಲ ಮಾತು, ಕಾರಿಂದ ಇಳಿಯಬೇಡಿ. ಕರೆಂಟ್ ಕಂಬದ ಮೇಲೆ ಕೂತ ಹಕ್ಕಿ ಲಾರಿ ಹೋದರೂ, ಕಬ್ಬಿನ ಟ್ರ್ಯಾಕ್ಟರ್ ಹಾಡು ಹಾಕ್ಕೊಂಡು ಹೋದರೂ ಕದಲೋದಿಲ್ಲ, ನೀವು ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟರೆ ಸಾಕು, ಹಾರಿಬಿಡುತ್ತದೆ. ನಾನು ರಸ್ತೆ ಬಿಟ್ಟು ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಅರ್ಧ ಇಳಿಸಿದ ಗ್ಲಾಸಿನ ಮೇಲೆ ಮಡಚಿದ ಟವೆಲ್ ಹಾಕಿ ಬೈನಾಕ್ಯುಲರ್ ಊರುತ್ತೇನೆ. 8x42, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸೋ, 42 ಮಿ.ಮೀ. ಗಾಜಿನದು ಸಾಕು. ಹೀಗೆ ಸುಮ್ನೆ ನಿಂತರೆ ಜನ ಕೇಳಿಯೇ ಕೇಳ್ತಾರೆ, "ಏನ್ ನೋಡಾಕತ್ತೀರ್ರಿ ಸರ, ಫ್ಯಾನ್ ಹಾಕಾವ್ರೇನು?" ಗಾಳಿಯಂತ್ರಕ್ಕೆ ಜಾಗ ನೋಡೋರು ಅಂದ್ಕೊಂಡು. ಹದ್ದು ನೋಡ್ತಿದ್ದೀನಿ ಅಂದರೆ ನಂಬೋದಿಲ್ಲ.

ಬಣ್ಣಕ್ಕಿಂತ ಹಾರೋ ರೀತಿ ನೋಡಿ. ಒಂದೇ ಕಡೆ ಗಾಳಿಯಲ್ಲಿ ರೆಕ್ಕೆ ಬಡಿಯುತ್ತಾ ನಿಂತಿದ್ದರೆ ಎಲ್ಲರೂ ಕೆಸ್ಟ್ರೆಲ್ (ಒಂದು ಸಣ್ಣ ಬೇಟೆ ಹಕ್ಕಿ) ಅಂತಾರೆ. ಕಪ್ಪು ರೆಕ್ಕೆಯ ಗಿಡುಗವೂ ಹಾಗೇ ನಿಲ್ಲುತ್ತೆ. ಕೆಸ್ಟ್ರೆಲ್ ಬೆನ್ನು ಇಟ್ಟಂಗಿ ಬಣ್ಣ, ಬಾಲ ಉದ್ದ. ಗಿಡುಗ ಬೂದು-ಬಿಳಿ, ಭುಜ ಕಪ್ಪು, ಹತ್ತಿರ ಸಿಕ್ಕರೆ ಕೆಂಪು ಕಣ್ಣು ನೋಡಿ, ಬೆಂಕಿ ಕಿಡಿ ಇದ್ದ ಹಾಗೆ. ತಂತಿ ಮೇಲೆ ಕೂತು ಬಾಲ ಮೇಲೆ ಕೆಳಗೆ ಆಡಿಸುತ್ತೆ. ಇಲಿ ಕಂಡರೆ ರೆಕ್ಕೆ ಮೇಲೆತ್ತಿ, ಕಾಲು ಇಳಿಬಿಟ್ಟು ನಿಧಾನಕ್ಕೆ ಇಳಿಯುತ್ತೆ.

ನನ್ನ ಆಸೆ ಎಲ್ಲ ಹ್ಯಾರಿಯರ್ ಅನ್ನೋ ಬೇಟೆ ಹಕ್ಕಿ ಮೇಲೆ. ಅದರಲ್ಲಿ ಮಾಂಟೆಗ್ಯೂಸ್, ಪ್ಯಾಲಿಡ್ ಅನ್ನೋ ಎರಡು ಜಾತಿಗಳೂ ಕಜಕಿಸ್ತಾನದಂಥ ದೂರದ ಬಯಲಿಂದ ಚಳಿಗಾಲಕ್ಕೆ ನಮ್ಮ ದೇಶಕ್ಕೆ ಬರುತ್ತವೆ, ಇಲ್ಲಿ ಮಿಡತೆ ಜಾಸ್ತಿ ತಿಂತಾವೆ. ಬೆಳೆಯ ಮೇಲೆ ತೀರಾ ತಗ್ಗಿನಲ್ಲಿ, ರೆಕ್ಕೆ ಸ್ವಲ್ಪ ಮೇಲೆತ್ತಿ ಆ ಕಡೆ ಈ ಕಡೆ ವಾಲಿಕೊಂಡು ಹೋಗೋದು ಕಂಡರೆ ಅದು ಹ್ಯಾರಿಯರ್ರೇ. ಗಂಡು ಬೂದು ಬಣ್ಣ, ರೆಕ್ಕೆ ಮೇಲೆ ಕಪ್ಪು ಪಟ್ಟಿ ಇದ್ದರೆ ಮಾಂಟೆಗ್ಯೂಸ್. ಹೆಣ್ಣುಗಳು ಕಂದು, ಬಾಲದ ಬುಡ ಬಿಳಿ, ಎರಡು ಜಾತಿಯದ್ದೂ ಹೆಚ್ಚುಕಮ್ಮಿ ಒಂದೇ. ನಾನು 'ಹೆಣ್ಣು ಹ್ಯಾರಿಯರ್' ಅಂತ ಬರೆದು ಮುಂದೆ ಹೋಗ್ತೇನೆ. ದೂರದ ಮಸುಕು ಫೋಟೋ ಇಟ್ಕೊಂಡು ರಾತ್ರಿಯೆಲ್ಲ ಜಗಳ ಆಡೋದು ನನಗೆ ಬೇಡ.

ಬಿಸಿಲು ಏರಿ ನೆಲ ಕಾದ ಮೇಲೆ ಗುಡ್ಡದ ಕಡೆ ತಿರುಗಿ. ಇಳಿಜಾರಿನ ಗಾಳಿ ಹಿಡಿದು ದೊಡ್ಡವು ಏರುತ್ತವೆ. ಹೊಟ್ಟೆ ಬೆಳ್ಳಗೆ, ತಲೆ ಕುತ್ತಿಗೆ ಕಂದು, ಗಾಳಿಗೆ ಎದುರಾಗಿ ಅಲ್ಲಾಡದೆ ತೂಗಿ ನಿಂತದ್ದು ಕಂಡರೆ ಅದು ಹಾವು ಹಿಡಿಯೋ ಹದ್ದು. ಗಾಳಿಯಂತ್ರದ ರೆಕ್ಕೆ ತಿರುಗೋ ಕಡೆಗೇ ಅದು ತೇಲಿಕೊಂಡು ಹೋಗುವಾಗ ಮಾತ್ರ ಎದೆ ಧಸಕ್ ಅನ್ನುತ್ತೆ.

ಸಂಜೆ ಹ್ಯಾರಿಯರ್‌ಗಳು ಹುಲ್ಲುಗಾವಲಲ್ಲಿ ನೆಲದ ಮೇಲೇ ಗುಂಪಾಗಿ ಮಲಗ್ತಾವೆ. ಒಳಗೆ ನಡೆದು ಹೋದರೆ ಎಲ್ಲ ಎದ್ದು ಹೋಗ್ತಾವೆ. ಅದಕ್ಕೇ ಆ ಜಾಗದ ಲೊಕೇಶನ್ ನಾನು ಯಾರಿಗೂ ಕಳಿಸೋದಿಲ್ಲ. ಫೋಟೋ ಬೇಕಾದರೆ ಕೇಳಿ, ಕೊಡ್ತೇನೆ.